ಎಡೆಗೆ ಮುಂಚಿನ ಮುದ್ದೆ

ಪಡಿ ಬೇಡಲು ಹೋದ ಗಂಡಸರು ಇನ್ನೂ ಮನೆಗೆ ಬಂದಿರಲಿಲ್ಲ. ಶ್ರಾವಣದ ಮೂರನೇ ಶನಿವಾರ. ಐದು ಮನೆಯಿಂದ ಬೇಡಿ ತಂದ ಅಕ್ಕಿ ಬೆಂದು ದೇವರಿಗೆ ಎಡೆಯಾಗುವ ತನಕ ಆ ಮನೆಯಲ್ಲಿ ಯಾರೂ ಬಾಯಿಗೆ ತುತ್ತಿಡುವಂತಿಲ್ಲ. ಆದರೂ ಅತ್ತೆ ಬಿಸಿ ಮುದ್ದೆ ಕಟ್ಟಿ, ಮೇಲೆ ತುಪ್ಪ ಬಿಟ್ಟು, ಹಿರಿಸೊಸೆ ಬೈರಮ್ಮನ ಮುಂದಿಟ್ಟರು.

"ಉಣ್ಣವ್ವ. ಉಂಡ ಮೇಲೇ ಮಾತ್ರೆ," ಎಂದು ಕೂಸಿಗೆ ಹೇಳುವಂತೆ ಹೇಳಿ ಹೂ ಬಿಡಿಸಲು ಹಿತ್ತಲಿಗೆ ಹೋದರು.

ಸೊಪ್ಪು ಸೋಸುತ್ತಿದ್ದ ಕಿರಿಸೊಸೆ ಅನುಸೂಯಮ್ಮನ ಕೈ ನಿಂತಿತು. ಬೈರಮ್ಮನ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುತ್ತಿದೆ ಎಂದು ಡಾಕ್ಟರು ಹೇಳಿದ ದಿನದಿಂದ ಮನೆಯೆಲ್ಲ ಅವಳ ಸುತ್ತಲೇ. ಆ ಮಾತ್ರೆ ನುಂಗುವವರು ಬಿಸಿಲಿಗೆ ಹೋದರೆ ಚರ್ಮ ಸುಡುತ್ತದಂತೆ; ಭಾವ ದೊಡ್ಡಬಳ್ಳಾಪುರದಿಂದ ಹೂವಿನ ಕೊಡೆ ತಂದರು, ಮುಖಕ್ಕೆ ಕ್ರೀಮು ತಂದರು. ಹದಿನೆಂಟು ವರ್ಷ ರಾಗಿ ಹೊಲದಲ್ಲಿ ಬಗ್ಗಿದ ಅನುಸೂಯಮ್ಮನ ಮುಖ ಸುಟ್ಟಿತೇ ಎಂದು ಯಾರೂ ಕೇಳಿರಲಿಲ್ಲ. ಅಜ್ಜಿಯರ ಕಥೆಯಲ್ಲಿ ಕಿರಿರಾಣಿಯೇ ಮುದ್ದಿನವಳು. ಈ ಮನೆಗೆ ಆ ಕಥೆ ಯಾರೂ ಹೇಳಿರಲಿಲ್ಲವೇನೋ.

"ಪುಣ್ಯವಂತೆ ಕಣಕ್ಕ ನೀನು. ನಮಗೆಲ್ಲ ಉಪವಾಸ, ನಿಂಗೆ ತುಪ್ಪ," ಎಂದಳು. "ಇವತ್ತು ದೇವರೇ ನಿನ್ನ ಎಂಜಲು ಉಣ್ಲಿ ಬಿಡು."

ಬೈರಮ್ಮ ಎದ್ದು ಕೊಟ್ಟಿಗೆಗೆ ಹೋಗಿ ಮುದ್ದೆಯನ್ನು ಹಸುವಿನ ಬಾಯಿಗಿಟ್ಟು ಬಂದಳು. ಬರಿ ನೀರಿನಲ್ಲಿ ಮಾತ್ರೆ ನುಂಗಿದಳು. ಬೇಡ ಎನ್ನಬಹುದಿತ್ತು ಅನುಸೂಯಮ್ಮ. ಸೊಪ್ಪು ಸೋಸಿದಳು.

ಅರ್ಧ ಗಂಟೆಗೆಲ್ಲ ಬೈರಮ್ಮ ಕಂಬ ಹಿಡಿದು ಓಕರಿಸುತ್ತಿದ್ದಳು. ಮೈಯೆಲ್ಲ ಬೆವರು, ತಲೆಸುತ್ತು. ಓಡಿ ಬಂದ ಅತ್ತೆ ಆಸ್ಪತ್ರೆಯ ಸಿಸ್ಟರ್ ಅರ್ಪಿತಾಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಊಟ ಮಾಡಿ ತಾನೇ ತಗೊಂಡಿದ್ದು?"

"ಹ್ಞೂ ಸಿಸ್ಟರ್, ಹೊಟ್ಟೆ ತುಂಬ ಉಂಡೆ," ಎಂದಳು ಬೈರಮ್ಮ, ವಾರಗಿತ್ತಿಯ ಕಡೆ ತಿರುಗದೆ.

"ತುಂಬ ಉಂಡೂ ಹಿಂಗಾದ್ರೆ ಈ ಮಾತ್ರೆ ನಿಮಗೆ ಒಗ್ತಿಲ್ಲ. ಡಾಕ್ಟರಿಗೆ ಹೇಳ್ತೀನಿ, ನಿಲ್ಲಿಸಬೇಕಾಗ್ಬೋದು."

ಕಲೆ ಹಬ್ಬುವುದನ್ನು ಒಂದಿಷ್ಟು ತಡೆದಿರುವುದು ಅದೊಂದೇ ಮಾತ್ರೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಅದು ನಿಂತರೆ ಕೊಡೆಯೂ ನಿಲ್ಲುತ್ತದೆ, ತುಪ್ಪವೂ ನಿಲ್ಲುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಆ ಯೋಚನೆ ಅನುಸೂಯಮ್ಮನ ನಾಲಿಗೆಗೆ ಸಿಹಿಯಾಗಿಯೇ ಇತ್ತು. ಮರುಕ್ಷಣ ಫೋನು ಕಿತ್ತುಕೊಂಡಳು.

"ಅಕ್ಕ ಉಂಡಿಲ್ಲ ಸಿಸ್ಟರ್. ಮುದ್ದೆ ಹಸುಗೆ ಹಾಕಿದ್ಲು. ನಾನಂದ ಮಾತಿಗೆ."

"ಹಂಗೆ ಹೇಳಿ ಮತ್ತೆ. ವಾಂತಿಯಾಯ್ತು ಅಂತ ಇನ್ನೊಂದು ನುಂಗಿಸ್ಬೇಡಿ. ಮಧ್ಯಾಹ್ನ ಚೆನ್ನಾಗಿ ಉಂಡಮೇಲೆ ಆ ಹೊತ್ತಿಂದು ಮಾತ್ರ. ತಲೆಸುತ್ತು ನಿಲ್ಲದಿದ್ರೆ ಕರ್ಕೊಂಡು ಬನ್ನಿ. ನಾನು ಡಾಕ್ಟರನ್ನ ಕೇಳಿ ಫೋನ್ ಮಾಡ್ತೀನಿ."

ಅತ್ತೆ ಅನುಸೂಯಮ್ಮನನ್ನು ಒಮ್ಮೆ ನೋಡಿದರು, ಅಷ್ಟೆ. ಬೈರಮ್ಮನನ್ನು ಮಡಿಲಿಗೆ ಒರಗಿಸಿಕೊಂಡು ಬೆನ್ನು ನೀವತೊಡಗಿದರು. ಮೇಲಕ್ಕೂ ಕೆಳಕ್ಕೂ ಹೋಗುವ ಆ ಕೈಯನ್ನು ನೋಡುತ್ತ ಅನುಸೂಯಮ್ಮ ಹೊಸಿಲ ಮೇಲೆ ಕುಕ್ಕರಿಸಿದಳು. ಇಷ್ಟೆಲ್ಲ ಆದರೂ ಅವಳ ಬೆನ್ನಿಗೆ ಆ ಕೈ ಬೇಕಿತ್ತು. ಹೊಟ್ಟೆಯ ತಳದಿಂದ ಒಂದು ನಿಟ್ಟುಸಿರು ಎದ್ದು, ಸಲೀಸಾಗಿ ಎದೆ ತುಂಬಿ, ಹೊರಗೆ ಬಂತು.

ಬೈರಮ್ಮ ಕಣ್ಣು ತೆರೆದಳು. ಇಷ್ಟೇ ಇಷ್ಟು ಹೇಳಲು ಅವಳು ಎರಡು ಸಲ ನಿಂತು ಏದುಸಿರು ಬಿಡಬೇಕಾಯಿತು.

"ನನ್ನೆದುರಿಗೆ ಅಷ್ಟುದ್ದ ಉಸಿರು ಎಳೀಬೇಡ ಕಣೆ ಅನುಸೂಯಾ. ಹೊಟ್ಟೆಕಿಚ್ಚಾಗ್ತದೆ."