ಮೊದಲ ಗೆರೆ

ಯಾರೂ ತುಳಿಯದ ಹಿಮದ ಇಳಿಜಾರು ಸಿಕ್ಕಾಗಲೆಲ್ಲ ಶ್ರೀವತ್ಸ ಸ್ಕೀ ನಿಲ್ಲಿಸಿ ಹೆಂಡತಿಗೆ ದಾರಿ ಬಿಡುತ್ತಿದ್ದ. "ನೀನೇ ಇಳಿ ವಿನುತಾ. ಮೊದಲ ಗೆರೆ ನಿಂದೇ."

ಹೊಸ ಹಿಮದ ಮೇಲೆ ಮೊದಲ ಗೆರೆ ಎಳೆಯಲು ಉಳಿದವರೆಲ್ಲ ಜಗಳವಾಡುವಾಗ, ಇಂಥ ಗಂಡನನ್ನು ಪಡೆಯಲು ಪುಣ್ಯ ಮಾಡಿರಬೇಕು ಅಂತ ಅವಳು ಹಿಗ್ಗುತ್ತಿದ್ದಳು. ಹಿಮಕುಸಿತದ ತರಬೇತಿಗೆ ಮಾತ್ರ ಅವನು ಕಳಿಸುತ್ತಿರಲಿಲ್ಲ. "ನಾನಿಲ್ವಾ? ನಿಂಗ್ಯಾಕೆ ಅದೆಲ್ಲ?"

ಈ ಸಲ ಅವಳು ಹೇಳದೆ ಬಂದಿದ್ದಳು.

ತರಬೇತುದಾರ ಮಾಚಯ್ಯ ಹಲಗೆಯ ಮೇಲೆ ಇಳಿಜಾರಿನ ಚಿತ್ರ ಬರೆದರು. "ಹೊಸ ಹಿಮ ಕುಸಿಯೋದಾದ್ರೆ ಹೆಚ್ಚಾಗಿ ಮೊದಲು ಇಳಿದವರ ಭಾರಕ್ಕೇ ಕುಸಿಯುತ್ತೆ. ಮೇಲೆ ನಿಂತವರು ಬದುಕ್ತಾರೆ. ಕಲಿಯೋರನ್ನ ಯಾವತ್ತೂ ಮುಂದೆ ಬಿಡಬೇಡಿ."

ವಿನುತಾ ಕೈ ಎತ್ತಿದಳು. "ನಮ್ಮನೆಯವರು ಪ್ರತಿ ಸಲ ನನ್ನನ್ನೇ ಮುಂದೆ ಬಿಡ್ತಾರೆ ಸಾರ್. ಪಾಪ, ಅವರಿಗೆ ಇದೆಲ್ಲ ಗೊತ್ತಿಲ್ಲ."

"ಗೊತ್ತಿಲ್ಲದೆ ಮಾಡೋರೇ ಜಾಸ್ತಿ ಅಮ್ಮಾ. ನಾಳೆ ಅವರನ್ನೂ ಕರ್ಕೊಂಡು ಬನ್ನಿ. ಯಾರವರು?"

ಅವಳು ಮೊಬೈಲಿನಲ್ಲಿದ್ದ ಫೋಟೊ ತೋರಿಸಿದಳು.

ಮಾಚಯ್ಯನವರ ಮುಖ ಅರಳಿತು. "ಅರೆ, ನಮ್ಮ ಶ್ರೀವತ್ಸ ಸರ್! ಈ ಪಾಠ ನನಗೆ ಹೇಳಿಕೊಟ್ಟವರೇ ಇವರು."