ಮೂರನೇ ಕಂಬದ ಜಾಗ

"ಮಂತ್ರಿಗಳೇ, ಈ ಕಡೆ ಬನ್ನಿ. ನೆಂಟರ ಚಾಪೆ ಇಲ್ಲಿದೆ," ಎಂದು ಊರ ಹಿರಿಯ ಇಯೊಟೆಬ ಕರೆದಾಗ ಸಭಾಮನೆಗೆ ಕಾಲಿಟ್ಟಿದ್ದ ಕೈಟಾರ ಅಲ್ಲೇ ನಿಂತ. ಚುನಾವಣೆಯಲ್ಲಿ ಸೋತು, ರಾಜಧಾನಿ ತರಾವಾದ ಸರ್ಕಾರಿ ಮನೆ ಬಿಟ್ಟು, ಇನ್ನು ಇಲ್ಲೇ ಇರುತ್ತೇನೆಂದು ಹುಟ್ಟಿದ ದ್ವೀಪಕ್ಕೆ ಅವನು ಬಂದಿಳಿದದ್ದು ಆ ಬೆಳಿಗ್ಗೆಯೇ. ಸಭಾಮನೆಯ ಸೂರು ತಗ್ಗು. ಎಂಥ ದೊಡ್ಡವನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಬಗ್ಗಿಸಿದ ತಲೆ ಎತ್ತಿದಾಗ ಅವನಿಗೆ ಮೊದಲು ಕಂಡದ್ದು ಪೂರ್ವದ ಮೂರನೇ ಕಂಬ.

ಆ ಊರಲ್ಲಿ ಒಂದೊಂದು ಮನೆತನ ಕೂರುವುದು ಸಭಾಮನೆಯ ಒಂದೊಂದು ಕಂಬದ ಕೆಳಗೆ. ಮೂರನೆಯದು ಅವನ ಅಜ್ಜನದು, ಅಪ್ಪನದು. ಹಿರಿಯರ ಮಾತು ಮುಗಿಯದ ಮಧ್ಯಾಹ್ನಗಳಲ್ಲಿ ಅವನು ಅಪ್ಪನ ಬೆನ್ನ ಹಿಂದೆ ನಿದ್ದೆ ಹೋಗುತ್ತಿದ್ದ. ಅಕ್ಕ ಟೆರೆಟಿಯಾ ಕೆಂಡದಲ್ಲಿ ಸುಟ್ಟ ದಿವಿಹಲಸಿನ ತುಂಡನ್ನು ಮೂಗಿಗೆ ಹಿಡಿದು ಎಬ್ಬಿಸುತ್ತಿದ್ದಳು. ನೆಂಟರದು ಮೊದಲ ಪಂಕ್ತಿ, ಮನೆಯವರದು ಕೊನೆಯದು. ಉಳಿದ ಆ ಕರಿ ತುಂಡಿನಷ್ಟು ರುಚಿ ಅವನಿಗೆ ಆಮೇಲೆ ಯಾವ ಔತಣದಲ್ಲೂ ಸಿಕ್ಕಿರಲಿಲ್ಲ.

ಮಂತ್ರಿಯಾದ ವರ್ಷ ಬಂದಿದ್ದಾಗ ಮಾತ್ರ, ತಲೆಗೆ ಹೂ ಸುತ್ತಿಸಿಕೊಂಡು, ಜಂಬದಿಂದ ನೆಂಟರ ಸಾಲಿನಲ್ಲೇ ಕೂತು ಮೊದಲು ಉಂಡಿದ್ದ. ಕಂಬದ ಕೆಳಗೆ ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಮರುವರ್ಷ ಅಪ್ಪ ತೀರಿಕೊಂಡರು. ಅಂದಿನಿಂದ ಆ ಜಾಗ ಬರಿದಾಗದಂತೆ ಕಾದವಳು ಅಕ್ಕ.

ಈಗಲೂ ಅವಳು ಕೇದಗೆ ಓಲೆಯ ಚಾಪೆಯ ತುಂಬ ಕಾಲು ಚಾಚಿ ಕೂತಿದ್ದಳು. ಕೈಟಾರ ನೆಂಟರ ಸಾಲು ದಾಟಿ ಅಲ್ಲಿಗೆ ಹೋದ.

"ಅಕ್ಕಾ, ಒಸಿ ಸರ್ಕೋ."

"ನೆಂಟ್ರ ಚಾಪೆ ಆ ಕಡೆ." ಅವಳು ಮುಖ ನೋಡಲಿಲ್ಲ. "ಇಲ್ಲಿ ಕಲ್ಲು ಚುಚ್ಚುತ್ತೆ. ಮೆತ್ತೆ ಮೇಲೆ ಕೂತ ಮೈ ನಿಂದು, ತಡೆಯಲ್ಲ."

"ಚುಚ್ಲಿ ಬಿಡು."

"ಕುರ್ಚಿ ಹೋದ್ಮೇಲೆ ಕಂಬ ನೆನಪಾಯ್ತಾ?"

ಶಾಸನಸಭೆಯಲ್ಲಿ ಯಾವ ಪ್ರಶ್ನೆಗೂ ಸಿಕ್ಕಿಬೀಳದಿದ್ದ ಮನುಷ್ಯ ಇಲ್ಲಿ ಸಿಕ್ಕಿಬಿದ್ದ. "ಹೂಂ ಅಕ್ಕ, ಹೋದ್ಮೇಲೇ ನೆನಪಾಯ್ತು," ಎಂದು ಚಾಪೆಯ ಆಚೆ, ಹವಳದ ಹರಳುಗಳ ಮೇಲೆ ಕಾಲು ಮಡಚಿ ಕೂತ. ಅವಳು ಚಾಚಿದ ಕಾಲು ತೆಗೆಯಲಿಲ್ಲ.

ಊಟ ಬಂತು. ದೋಣಿಯಲ್ಲಿ ಜೊತೆಗೆ ಬಂದಿದ್ದ ಪಾದ್ರಿಗೂ ಅಧಿಕಾರಿಗಳಿಗೂ ಮೀನು, ಕೆಸುವಿನ ಗೆಡ್ಡೆ, ಎಳನೀರು. ಕೈಟಾರ ಬೆಳಗಿನಿಂದ ಏನೂ ತಿಂದಿರಲಿಲ್ಲ. ಆದರೆ ಊಟಕ್ಕಿಂತ ಹೆಚ್ಚು ಅವನು ಹಸಿದಿದ್ದದ್ದು ಅಕ್ಕನ ಒಂದು ಮಾತಿಗೆ. ಅವಳು ಬೇಡವೆಂದರೆ ಈ ದ್ವೀಪದಲ್ಲಿ ಅವನು ಸಾಯುವವರೆಗೂ ನೆಂಟನೇ.

ಇಯೊಟೆಬ ತಡೆಯಲಾರದೆ ತುಂಬಿದ ತಟ್ಟೆಯನ್ನು ತಂದು ಅವನ ಮುಂದೆ ಹಿಡಿದ. "ಎಷ್ಟಾದ್ರೂ ಮಂತ್ರಿಗಳಾಗಿದ್ದೋರು. ಹಸ್ಕೊಂಡು ಕೂರ್ಬಾರ್ದು, ತಗೊಳ್ಳಿ."

ಕೈಟಾರ ತಟ್ಟೆ ಮುಟ್ಟದೆ ಅಕ್ಕನತ್ತ ನೋಡಿದ. ಟೆರೆಟಿಯಾ ಮೆಲ್ಲಗೆ ಒಂದು ಕಾಲು ಮಡಚಿಕೊಂಡಳು. ಚಾಪೆಯಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.

"ಆ ತಟ್ಟೆ ತಗೊಂಡ್ಹೋಗಿ ನೆಂಟ್ರಿಗೆ ಬಡ್ಸಿ," ಎಂದಳು. "ಇವ್ನು ಮನೇವ್ನು. ಉಳಿದ್ರೆ ತಿಂತಾನೆ."