ಓಡುತ್ತಿದ್ದೇನೆ

ಹದಿನೆಂಟು ಮಕ್ಕಳು, ಹನ್ನೆರಡು ದಿನ, ಉತ್ತರ ಮಾತ್ರ ಒಂದೇ: ಓಡುತ್ತಿದ್ದೇನೆ.

ಚನ್ನಗಿರಿಯಿಂದ ಉಬ್ರಾಣಿಗೆ ಸ್ಕೂಟರಿನಲ್ಲಿ ಹೊರಟಿದ್ದ ಪುಷ್ಪಾವತಿಗೆ ಅದನ್ನು ನೆನೆದಷ್ಟೂ ಹೇಸಿಗೆಯಾಗುತ್ತಿತ್ತು. ಮಕ್ಕಳು ದಿನಕ್ಕೆ ಎಷ್ಟು ಮೈ ದಣಿಸುತ್ತಾರೆ ಎಂಬ ಅಧ್ಯಯನಕ್ಕೆ ಅವಳು ಮೇಲ್ವಿಚಾರಕಿ. ಶಾಲೆ ಬಿಟ್ಟ ಮೇಲೆ ಯಾವುದೋ ಹೊತ್ತಿನಲ್ಲಿ, ಮಕ್ಕಳಿಗೆ ಕೊಟ್ಟ ಫೋನು ಕೂಗುತ್ತದೆ. ‘ಈಗ ಏನು ಮಾಡುತ್ತಿದ್ದೀಯ?’ ಎಂದು ಕೇಳುತ್ತದೆ. ಕೂತಿದ್ದೇನೆ, ನಡೆಯುತ್ತಿದ್ದೇನೆ, ಓಡುತ್ತಿದ್ದೇನೆ: ಮಗು ಒಂದನ್ನು ಒತ್ತಬೇಕು. ಇದೇ ಅಧ್ಯಯನದಲ್ಲಿದ್ದ ನಲ್ಲೂರಿನ ಮಕ್ಕಳು ಟಿವಿ ಮುಂದೆ ಕೂತಿದ್ದನ್ನೂ ಒಪ್ಪಿಕೊಂಡಿದ್ದರು. ಉಬ್ರಾಣಿಯವು ಮಾತ್ರ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದವು!

ಯಾರೋ ಕೂತು ಎಲ್ಲವನ್ನೂ ಒತ್ತುತ್ತಿದ್ದಾರೆ. ಯಾರೋ ಏನು, ಶಂಕ್ರಮ್ಮನೇ. ಊರಿನಲ್ಲಿ ಫೋನುಗಳ ಉಸ್ತುವಾರಿಗೆಂದು ನೇಮಿಸಿದ ಹೆಂಗಸು. ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಪುಷ್ಪಾವತಿಯ ಬ್ಯಾಗಿನಲ್ಲಿ ಸಿದ್ಧವಾಗಿತ್ತು.

ಶಂಕ್ರಮ್ಮನ ಬೀದಿಗೆ ತಿರುಗಿದರೆ ಮೂಲೆಯ ಕಟ್ಟೆಯ ತುಂಬ ಮಕ್ಕಳು. ಮೊಣಕಾಲು ತಬ್ಬಿಕೊಂಡು ಸುಮ್ಮನೆ ಕೂತಿದ್ದವು. ಚೆಂಡಿಲ್ಲ, ಗೋಲಿಯಿಲ್ಲ, ಜಗಳವೂ ಇಲ್ಲ. ಥೂ, ಇವು ಓಡುವ ಮಕ್ಕಳಂತೆ!

ಶಂಕ್ರಮ್ಮನ ಮನೆಯೊಳಗೆ, ನಡುಮನೆಯ ಮಂಚದ ಮೇಲೆ ಹದಿನೆಂಟು ಫೋನುಗಳೂ ಸಾಲಾಗಿ ಬಿದ್ದಿದ್ದವು.

“ಒಂದು ಸಲಾನೂ ತಪ್ಪಿಲ್ಲ ನೋಡ್ರೀ ಮೇಡಂ,” ಎಂದಳು ಶಂಕ್ರಮ್ಮ, ಹೆಮ್ಮೆಯಿಂದ. “ಈ ಕೆಲ್ಸ ಸಿಕ್ಕಾಗಿಂದ ಸಂಜೆ ಹೊತ್ತು ಮನೆ ಬಿಟ್ಟು ಅಲ್ಲಾಡಿಲ್ಲ ನಾನು.”

“ಗೊತ್ತಾಗ್ತೈತೆ ಬಿಡ್ರಿ.”

ನಾಚಿಕೆಗೆಟ್ಟವಳು! ಪುಷ್ಪಾವತಿ ಪತ್ರ ಹೊರತೆಗೆದಳು. ಕೊಡಲಿಲ್ಲ, ಕಣ್ಣಾರೆ ಕಂಡೇ ಹಿಡಿಯಬೇಕು. ಇವತ್ತು ಫೋನು ಕೂಗುವುದು ಐದೂ ಇಪ್ಪತ್ತಕ್ಕೆ. ಅದು ಅವಳೊಬ್ಬಳಿಗೇ ಗೊತ್ತು.

ಐದೂ ಇಪ್ಪತ್ತು. ಹದಿನೆಂಟೂ ಒಟ್ಟಿಗೇ ಕೂಗಿದವು.

ಶಂಕ್ರಮ್ಮ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲಿಗೆ ಹೋಗಿ, “ಕೂಗ್ತು, ಬರ್ರೋ!” ಎಂದು ಅರಚಿದಳು.

ಕಟ್ಟೆ ಖಾಲಿಯಾಯಿತು. ಮಕ್ಕಳು ಧೂಳೆಬ್ಬಿಸಿಕೊಂಡು ಓಡಿ ಬಂದು ನಡುಮನೆಗೆ ನುಗ್ಗಿದವು. ಎಲ್ಲರಿಗಿಂತ ಮೊದಲು ತಲುಪಿದ ದುರ್ಗಾಂಬಿಕಾ ಎಂಬ ಹುಡುಗಿ ಏದುಸಿರು ಬಿಡುತ್ತ ತನ್ನ ಫೋನು ಹುಡುಕಿ ಒತ್ತಿದಳು: ಓಡುತ್ತಿದ್ದೇನೆ.

“ಸುಳ್ಳು! ಇಷ್ಟೊತ್ತೂ ಕುಂತಿದ್ಯಲ್ಲ?”

“ಅದು ಆಗ ರೀ ಮೇಡಂ. ಇದು ಈಗ ಏನು ಅಂತ ಕೇಳ್ತೈತಲ್ರೀ.”

ಪುಷ್ಪಾವತಿ ಶಂಕ್ರಮ್ಮನ ಕಡೆ ತಿರುಗಿದಳು. “ಫೋನು ಜೇಬಲ್ಲಿಟ್ಕಂಡು ಆಡ್ಬೇಕಾದ ಮಕ್ಕಳು ಇವು. ಇಲ್ಲಿ ಫೋನು ಇಟ್ಟು, ಆಟ ಬಿಟ್ಟು ಕಾಯ್ರಿ ಅಂತ ಯಾರ್ರೀ ಹೇಳಿದ್ದು?”

ಶಂಕ್ರಮ್ಮ ಗಾಬರಿಯಿಂದ ಗೋಡೆಯತ್ತ ಕೈ ಮಾಡಿದಳು. ಅಲ್ಲೊಂದು ಸೂಚನೆ ಅಂಟಿಸಿತ್ತು: ‘ಫೋನು ಕಳೆದರೆ ತಂದೆತಾಯಿಯರೇ ಹೊಣೆ. ಕೂಗಿದ ಒಂದು ನಿಮಿಷದೊಳಗೆ ಒಬ್ಬರು ಉತ್ತರಿಸದಿದ್ದರೂ ಊರಿನ ಶಾಲೆಗೆ ಆಟದ ಸಾಮಾನು ಇಲ್ಲ.’

ಕೆಳಗಿದ್ದ ಸಹಿ ಪುಷ್ಪಾವತಿಯದೇ.